22 ಸಿನಿಮಾ, ಕೊನೆಗೊಂದು ಸುತ್ತಿಗೆ ಸದ್ದು

2019ರಲ್ಲಿ ಮಾರ್ವೆಲ್ ಸೂಪರ್‌ಹೀರೋ ಸರಣಿಯ ಅವೆಂಜರ್ಸ್ ಎಂಡ್‌ಗೇಮ್ ಬಂದಾಗ ಅಕ್ಕನ ಮಗಳಿಗೆ ಜೊತೆಯಾಗಿ ಸುಮ್ನೆ ಹೋಗಿದ್ದೆ. ಹಿಂದಿನ ಒಂದೂ ನೋಡಿರಲಿಲ್ಲ. ಹುಡುಗರು ಪದೇ ಪದೇ ಶಿಳ್ಳೆ ಹೊಡೀತಿದ್ದರು, ಯಾಕೆ ಅಂತಲೇ ಗೊತ್ತಾಗಲಿಲ್ಲ. ಈ ಮಳೆಗಾಲದಲ್ಲಿ ಆ ಬಾಕಿ ತೀರಿಸಿದೆವು. 2008ರ ಐರನ್ ಮ್ಯಾನ್‌ನಿಂದ ಎಂಡ್‌ಗೇಮ್‌ವರೆಗೆ 22 ಸಿನಿಮಾ, ರಾತ್ರಿ ಊಟ ಆದಮೇಲೆ, ಮನೆ ಟಿವಿಯಲ್ಲಿ.

ಮೊದಲೇ ಹೇಳಿಬಿಡ್ತೀನಿ, ಬಿಡುಗಡೆಯಾದ ಕ್ರಮದಲ್ಲೇ ನೋಡಿ. ಕಥೆ ನಡೆಯುವ ಕಾಲದ ಪ್ರಕಾರ ಜೋಡಿಸಿದ ಪಟ್ಟಿಗಳೂ ಸಿಗುತ್ತವೆ, ಅದು ಬೇಡ. ಹಳೆಯದನ್ನು ನೆನಪಿಟ್ಟುಕೊಂಡೇ ಹೊಸದನ್ನು ಮಾಡಿದ್ದಾರೆ. ನಾವೂ ಹಾಗೇ ನೆನಪಿಟ್ಟುಕೊಂಡು ಬರಬೇಕು.

ಒಂದು ಉದಾಹರಣೆ. ಮೊದಲ ಐರನ್ ಮ್ಯಾನ್‌ನಲ್ಲಿ ನಾಯಕ ಟೋನಿ ಸ್ಟಾರ್ಕ್, ಅವನೇ ಐರನ್ ಮ್ಯಾನ್, ಸೆರೆಯಿಂದ ತಪ್ಪಿಸಿಕೊಂಡು ಊರಿಗೆ ಬರುತ್ತಾನೆ. ಬಂದವನು ಕೇಳುವುದು ಚೀಸ್‌ಬರ್ಗರ್. ಪತ್ರಿಕಾಗೋಷ್ಠಿಯಲ್ಲಿ ನೆಲದ ಮೇಲೆ ಕೂತು ತಿನ್ನುತ್ತಾನೆ. ನೋಡುವಾಗ ಅದೇನೂ ದೊಡ್ಡ ವಿಷಯ ಅನ್ನಿಸಲ್ಲ. ಹನ್ನೊಂದು ವರ್ಷ ಕಳೆದು ಎಂಡ್‌ಗೇಮ್‌ನಲ್ಲಿ ಅವನ ಅಂತ್ಯಕ್ರಿಯೆ ಮುಗಿದಿದೆ. ಪುಟ್ಟ ಮಗಳು ಹೊರಗೆ ಕೂತಿದ್ದಾಳೆ. ಹಸಿವಾ ಅಂತ ಟೋನಿಯ ಗೆಳೆಯ ಹ್ಯಾಪಿ ಕೇಳಿದರೆ ಚೀಸ್‌ಬರ್ಗರ್ ಬೇಕು ಅಂತಾಳೆ. ನಿಮ್ಮಪ್ಪನಿಗೂ ಅದು ಇಷ್ಟ ಇತ್ತು ಅಂತಾನೆ ಅವನು. ಅಷ್ಟೇ. ಥಿಯೇಟರ್‌ನಲ್ಲಿ ನನಗೆ ಅದು ಬರೀ ತಿಂಡಿಯ ಮಾತಾಗಿತ್ತು. ಈ ಸಲ ಕಣ್ಣು ತುಂಬಿಬಂತು.

ಅದೇ ಅಂತ್ಯಕ್ರಿಯೆಯಲ್ಲಿ ಹಿಂದೆ ಒಬ್ಬನೇ ನಿಂತಿರುವ ಉದ್ದನೆಯ ಹುಡುಗ ಯಾರು ಅಂತ ಕೇಳಿದೆ. "ಮಾವ, ಮೂರನೇ ಐರನ್ ಮ್ಯಾನ್‌ನಲ್ಲಿ ಶೆಡ್‌ನಲ್ಲಿ ಟೋನಿಗೆ ಸಹಾಯ ಮಾಡ್ತಾನಲ್ಲ, ಆ ಚಿಕ್ಕ ಹುಡುಗ" ಅಂದಳು ಅಕ್ಕನ ಮಗಳು. 2013ರ ಮಗು, 2019ರಲ್ಲಿ ಬೆಳೆದು ನಿಂತಿದ್ದಾನೆ. ಒಂದು ಮಾತೂ ಇಲ್ಲ ಅವನಿಗೆ.

ಕ್ಯಾಪ್ಟನ್ ಅಮೆರಿಕಾ ಆದ ಸ್ಟೀವ್ ರೋಜರ್ಸ್‌ನ ಲಿಫ್ಟ್ ದೃಶ್ಯವೂ ನನಗೆ ತುಂಬಾ ಇಷ್ಟ. ವಿಂಟರ್ ಸೋಲ್ಜರ್ ಸಿನಿಮಾದಲ್ಲಿ ಲಿಫ್ಟ್ ತುಂಬ ಜನ ಅವನ ಮೇಲೆ ಬೀಳುತ್ತಾರೆ. ಎಂಡ್‌ಗೇಮ್‌ನಲ್ಲಿ ಮತ್ತೆ ಲಿಫ್ಟ್, ಮತ್ತೆ ಅಂಥದ್ದೇ ಬಿಗುವು. ನಾವು ಹೊಡೆದಾಟಕ್ಕೆ ಕಾಯ್ತಾ ಕೂತರೆ ಅವನು ಅವರಲ್ಲೊಬ್ಬನ ಕಿವಿಯಲ್ಲಿ ಅವರದೇ ಗುಂಪಿನ ಘೋಷಣೆ "ಹೈಲ್ ಹೈಡ್ರಾ" ಅಂತ ಎರಡೇ ಪದ ಪಿಸುಗುಟ್ಟಿ ಪೆಟ್ಟಿಗೆ ತಗೊಂಡು ಹೊರಗೆ ಬರುತ್ತಾನೆ. ಹಳೆಯದನ್ನು ನೆನಪಿಸಿದರೆ ಸಾಲದು, ಅದನ್ನು ಹೀಗೆ ತಿರುಗಿಸಬೇಕು. ಕೊನೆಯ ಯುದ್ಧದ ಗುಂಪಿನಲ್ಲಿ ಮಾರ್ವೆಲ್‌ನ ಮಾತಾಡುವ ಬಾತುಕೋಳಿ ಹೋವರ್ಡ್ ದಿ ಡಕ್ ಕೂಡ ಒಂದು ಕ್ಷಣ ಕಾಣುತ್ತದೆ. ಟಿವಿ ನಿಲ್ಲಿಸಿ ಹುಡುಕಿದೆವು, ಸಿಕ್ಕಿತು. ಆದರೆ ಸಿಕ್ಕಿದ ಮೇಲೆ ಏನೂ ಅನ್ನಿಸಲಿಲ್ಲ.

ಬೇಜಾರು ಮಾಡಿದ್ದು ನಾವು ಸಿನಿಮಾ ನೋಡಿದ ಆ್ಯಪ್. ಸಿನಿಮಾದ ಕೊನೆಯಲ್ಲಿ ಹೆಸರುಗಳ ಪಟ್ಟಿ ಶುರುವಾದ ಕೂಡಲೇ ಚಿತ್ರ ಮೂಲೆಗೆ ಸರಿದು ಸಣ್ಣದಾಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಬೇರೇನೋ ಓಡಲು ಶುರು. ಈ ಸರಣಿಯಲ್ಲಿ ಅರ್ಧ ಗುಟ್ಟು ಇರುವುದೇ ಆ ಪಟ್ಟಿಯ ನಡುವೆ, ಪಟ್ಟಿಯ ಕೊನೆಗೆ. ಈ ಹೀರೋಗಳನ್ನೆಲ್ಲ ಒಂದು ತಂಡವಾಗಿ ಸೇರಿಸುವ ನಿಕ್ ಫ್ಯೂರಿ ಮೊದಲ ಸಲ ಬಂದು ಅವೆಂಜರ್ಸ್ ಅನ್ನುವ ಮಾತೆತ್ತುವುದೂ ಅಲ್ಲೇ. ಪ್ರತಿ ರಾತ್ರಿ ರಿಮೋಟ್ ಹಿಡಿದು ಕಾಯಬೇಕಾಯಿತು.

ಎಂಡ್‌ಗೇಮ್‌ನ ಪಟ್ಟಿ ಮುಗಿದ ಮೇಲೆ ಹೆಚ್ಚುವರಿ ದೃಶ್ಯ ಇಲ್ಲ. ಬರೀ ಸದ್ದು. ಕಬ್ಬಿಣದ ಮೇಲೆ ಸುತ್ತಿಗೆ ಬೀಳುವ ಸದ್ದು. ನಂದು ಗೇಟು, ಗ್ರಿಲ್ ಮಾಡುವ ವರ್ಕ್‌ಶಾಪ್, ದಿನವಿಡೀ ಕಿವಿಗೆ ಬೀಳುವುದು ಅದೇ. ಮೊದಲ ಸಿನಿಮಾದಲ್ಲಿ ಗುಹೆಯೊಳಗೆ ಟೋನಿ ತನ್ನ ಮೊದಲ ಕವಚ ಬಡಿಯುತ್ತಿದ್ದನಲ್ಲ, ಆ ಸದ್ದು ಅಂತ ನಾನೇ ಮೊದಲು ಗುರುತಿಸಿದೆ. ಅಕ್ಕನ ಮಗಳು ಹತ್ತು ಸೆಕೆಂಡ್ ಹಿಂದಕ್ಕೆ ಹಾಕಿದಳು. ಮೂರು ಸಲ ಕೇಳಿದೆವು.

ಸರಣಿಗೆ 5ಕ್ಕೆ 5. ಆ್ಯಪ್‌ಗೆ 2. ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡಲು ಆಗುತ್ತಾ ಅಂತ ನೋಡಿಕೊಂಡೇ ಶುರು ಮಾಡಿ.