ಮೂರು ಬೇಸಿಗೆ ಕಂಡ ಕಸ್ಟಮ್ ವಾಟರ್ ಕೂಲಿಂಗ್: ಬಿಸಿ ಏರಿದರೆ ಮೊದಲು ನೀರನ್ನು ಕೇಳಿ

ಕಂಪ್ಯೂಟರನ್ನು ನೀರು ಹರಿಸಿ ತಂಪಾಗಿಡುವ ನನ್ನ ಜೋಡಣೆ ಹೀಗಿದೆ: ರೈಜನ್ 9 5900ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್, ಎರಡಕ್ಕೂ ನೀರಿನ ಬ್ಲಾಕ್ (ಚಿಪ್ ಮೇಲೆ ಕೂತು ಅದರ ಶಾಖವನ್ನು ನೀರಿಗೆ ದಾಟಿಸುವ ಭಾಗ), 30 ಮಿ.ಮೀ. ದಪ್ಪದ ಎರಡು 360 ರೇಡಿಯೇಟರ್ (ಸಾಲಾಗಿ ಮೂರು 120 ಮಿ.ಮೀ. ಫ್ಯಾನ್ ಕೂರುವಷ್ಟು ಉದ್ದದ್ದು), ಒಂದು ಡಿ5 ಪಂಪ್, ಮೆದು ಪೈಪ್, ಒಟ್ಟು ಸುಮಾರು ಒಂದು ಲೀಟರ್ ಕೂಲಂಟ್. ಬೆಂಗಳೂರಿನಲ್ಲಿ, ಏಸಿ ಇಲ್ಲದ ಕೋಣೆಯಲ್ಲಿ, ಮೂರು ವರ್ಷದ ಬಳಕೆ. ಪ್ರೊಸೆಸರ್ ಪೂರ್ತಿ ದುಡಿದರೆ 142 ವ್ಯಾಟ್, ಗ್ರಾಫಿಕ್ಸ್ ಕಾರ್ಡ್ 320 ವ್ಯಾಟ್. ಎರಡೂ ಸೇರಿ ಉಗುಳುವ 460 ವ್ಯಾಟ್ ಶಾಖವನ್ನು ಆ ಒಂದು ಲೀಟರ್ ನೀರೇ ಹೊತ್ತು ರೇಡಿಯೇಟರ್‌ಗೆ ಮುಟ್ಟಿಸಬೇಕು.

ಎಲ್ಲ ಸರಿಯಿದ್ದಾಗ ಇದಕ್ಕೆ ಸಾಟಿ ಇಲ್ಲ. ಏಪ್ರಿಲ್‌ನಲ್ಲಿ ಕೋಣೆ 34 ಡಿಗ್ರಿ ಇದ್ದಾಗಲೂ ಆಟದ ಹೊರೆಯಲ್ಲಿ ನೀರು 46ಕ್ಕೆ ನಿಲ್ಲುತ್ತದೆ, ಗ್ರಾಫಿಕ್ಸ್ ಚಿಪ್ 60ರ ಆಸುಪಾಸು, ಫ್ಯಾನ್ 1000 ಆರ್‌ಪಿಎಂ ದಾಟುವುದಿಲ್ಲ. ಆದರೆ ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ನೀರು ಸುತ್ತುವ ಈ ಇಡೀ ಲೂಪ್‌ನಲ್ಲಿ ಅತಿ ಬೆಲೆಬಾಳುವ ಭಾಗ ಯಾವುದು ಎಂದರೆ ನೀರಿನ ತಾಪಮಾನ ಅಳೆಯುವ ಪುಟ್ಟ ಸೆನ್ಸರ್. ಜಿ 1/4 (ಈ ಭಾಗಗಳ ಸಾಮಾನ್ಯ ತಿರುಪಿನ ಅಳತೆ) ತೂತಿಗೆ ತಿರುಗಿಸಿ ಕೂರಿಸುವ 10ಕೆ ಥರ್ಮಿಸ್ಟರ್, ಅಂದರೆ ಬಿಸಿಗೆ ತಕ್ಕಂತೆ ವಿದ್ಯುತ್ ತಡೆ ಬದಲಾಗುವ ಸೆನ್ಸರ್ ಅದು; ಎರಡು ಪಿನ್‌ನ ತಂತಿ ಮದರ್‌ಬೋರ್ಡ್‌ನ ಟಿ ಸೆನ್ಸರ್ ಹೆಡರ್ ಎಂಬ ಪಿನ್‌ಗಳಿಗೆ ಹೋಗುತ್ತದೆ. ನಿಮ್ಮ ಬೋರ್ಡ್‌ನಲ್ಲಿ ಆ ಹೆಡರ್ ಇಲ್ಲದಿದ್ದರೆ ಪ್ರತ್ಯೇಕ ಫ್ಯಾನ್ ಕಂಟ್ರೋಲರ್ ತೆಗೆದುಕೊಳ್ಳಿ. ಇದಿಲ್ಲದೆ ಮಾಡುವ ರಿಪೇರಿಯೆಲ್ಲ ಕತ್ತಲಲ್ಲಿ ತಡಕಾಡಿದಂತೆ.

ಪರೀಕ್ಷೆಗೆ ಕನಿಷ್ಠ 30 ನಿಮಿಷ ಕೊಡಿ. ಗಾಳಿ ಒಳಗೆ ಹೋಗುವ ಜಾಗದ ಪಕ್ಕ ಒಂದು ಥರ್ಮಾಮೀಟರ್ ಇಟ್ಟು, ಪ್ರೊಸೆಸರ್‌ಗೂ ಕಾರ್ಡ್‌ಗೂ ಒಟ್ಟಿಗೆ ಹೊರೆ ಕೊಟ್ಟು, ನೀರಿನ ತಾಪಮಾನ ಏರುವುದು ನಿಂತ ಮೇಲೆ ನಾಲ್ಕು ಅಂಕಿ ಬರೆದುಕೊಳ್ಳಿ: ಕೋಣೆ, ನೀರು, ಪ್ರೊಸೆಸರ್, ಗ್ರಾಫಿಕ್ಸ್. ಹತ್ತು ನಿಮಿಷದ ಪರೀಕ್ಷೆ ಸುಳ್ಳು ಹೇಳುತ್ತದೆ, ಯಾಕೆಂದರೆ ಅಷ್ಟರಲ್ಲಿ ನೀರು ಇನ್ನೂ ಬಿಸಿಯೇರುತ್ತಲೇ ಇರುತ್ತದೆ. ಲೂಪ್ ಹೊಸದಿದ್ದಾಗಲೇ ಈ ನಾಲ್ಕು ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಒಳಬದಿಗೆ ಅಂಟಿಸಿಟ್ಟರೆ ಮುಂದೆ ಅರ್ಧ ಕೆಲಸ ಉಳಿಯುತ್ತದೆ.

ಈಗ ಅಂತರ ನೋಡಿ. ಕೋಣೆಗೂ ನೀರಿಗೂ 10ರಿಂದ 15 ಡಿಗ್ರಿ ವ್ಯತ್ಯಾಸ ಸಹಜ. ಮೊದಲು 12 ಇದ್ದದ್ದು 18, 20 ಆಗಿದ್ದರೆ ಬ್ಲಾಕ್ ಬಿಚ್ಚಲು ಹೋಗಲೇಬೇಡಿ, ತಪ್ಪು ರೇಡಿಯೇಟರ್ ಕಡೆಗಿದೆ. ಬೆಂಗಳೂರಿನಲ್ಲಿ ಹತ್ತರಲ್ಲಿ ಒಂಬತ್ತು ಸಲ ಅದು ಧೂಳೇ. ಫೆಬ್ರವರಿಯಿಂದ ಮೇವರೆಗೆ, ಅದರಲ್ಲೂ ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ, ಫಿಲ್ಟರ್ ಎರಡೇ ವಾರಕ್ಕೆ ಬೂದು ಕಂಬಳಿ ಹೊದ್ದಿರುತ್ತದೆ. ಫಿಲ್ಟರ್ ತೊಳೆದರೆ ಮುಗಿಯಿತು ಎಂದುಕೊಳ್ಳಬೇಡಿ. ಅದನ್ನು ದಾಟಿದ ನುಣ್ಣನೆ ಧೂಳು ಫ್ಯಾನ್‌ಗೂ ರೇಡಿಯೇಟರ್‌ಗೂ ನಡುವೆ ಪದರವಾಗಿ ಕೂತಿರುತ್ತದೆ, ಹೊರಗಿನಿಂದ ಟಾರ್ಚ್ ಬಿಟ್ಟರೂ ಕಾಣುವುದಿಲ್ಲ. ಫ್ಯಾನ್ ಬಿಚ್ಚಿ, ಗಾಳಿ ಹೊರಬರುವ ಬದಿಯಿಂದ ಹಿಮ್ಮುಖವಾಗಿ ಬ್ಲೋವರ್ ಹಿಡಿಯಿರಿ. ಫ್ಯಾನ್ ಬಿಚ್ಚದೆ ಊದುವುದಾದರೆ ರೆಕ್ಕೆಗಳನ್ನು ಬೆರಳಲ್ಲಿ ತಡೆದಿಟ್ಟುಕೊಳ್ಳಿ, ಬ್ಲೋವರ್ ರಭಸಕ್ಕೆ ಬೇರಿಂಗ್ ಹಾಳಾಗುತ್ತದೆ.

ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿ ಸುಮಾರು ಶೇ. 10ರಷ್ಟು ತೆಳು, ಅದೇ ವೇಗದ ಫ್ಯಾನ್ ಅಷ್ಟು ಕಡಿಮೆ ಶಾಖ ಒಯ್ಯುತ್ತದೆ. ಹೊರದೇಶದ ವಿಮರ್ಶೆಗಳ ಅಂಕಿಗಿಂತ ಒಂದೆರಡು ಡಿಗ್ರಿ ಹೆಚ್ಚು ಬಂದರೆ ಗಾಬರಿ ಬೇಡ.

ನೀರು ಸರಿಯಾಗಿದ್ದು ಪ್ರೊಸೆಸರ್ ಮಾತ್ರ 90ಕ್ಕೆ ಬಡಿಯುತ್ತಿದ್ದರೆ ಕಥೆ ಬೇರೆ. 5900ಎಕ್ಸ್‌ನ ಮಿತಿಯೇ 90, ಅಲ್ಲಿಗೆ ಮುಟ್ಟಿದರೆ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಇದರ ಚಿಪ್‌ಗಳು ಬಹಳ ಚಿಕ್ಕವು, ಶಾಖವೆಲ್ಲ ಒಂದೇ ಕಡೆ ಒತ್ತಿರುತ್ತದೆ, ಹಾಗಾಗಿ ಪೂರ್ತಿ ಹೊರೆಯಲ್ಲಿ ನೀರಿಗಿಂತ 30 ಡಿಗ್ರಿ ಮೇಲಿರುವುದು ದೋಷವಲ್ಲ. 40 ದಾಟಿದರೆ ದೋಷ. ಒಂದೇ ದಿನದಲ್ಲಿ ಹೀಗಾದರೆ ಬ್ಲಾಕ್ ಸಡಿಲವಾಗಿದೆ ಅಥವಾ ನೀರಿನ ಹರಿವು ನಿಂತಿದೆ; ತಿಂಗಳುಗಟ್ಟಲೆ ನಿಧಾನವಾಗಿ ಏರಿದ್ದರೆ ಬ್ಲಾಕ್ ಒಳಗೆ ಕಟ್ಟಿಕೊಂಡಿದೆ.

ಈ ಲೂಪ್‌ನಲ್ಲಿ ಎರಡನೇ ವರ್ಷ ಆದದ್ದು ಅದೇ. ಬ್ಲಾಕ್ ಬಿಚ್ಚಿದಾಗ, ತಾಮ್ರದ ತಳದಲ್ಲಿ ಕೂದಲೆಳೆಯಷ್ಟು ಸಂದಿಯ ಗೀರುಗಳ ನಡುವೆ, ನೀರು ಮೇಲಿಂದ ಬಂದು ಬೀಳುವ ಗೆರೆಯ ಉದ್ದಕ್ಕೂ, ಒಣಗಿದ ಗಂಜಿಯಂಥ ಬಿಳಿ ಲೋಳೆ. ಕಡ್ಡಿಯಿಂದ ಮುಟ್ಟಿದರೆ ಮೇಣದ ಹಾಗೆ ಅಂಟುತ್ತಿತ್ತು. ಇದು ಪಾಚಿ ಅಲ್ಲ. ಪಾರದರ್ಶಕ ಪಿವಿಸಿ ಪೈಪನ್ನು ಮೆದುವಾಗಿಡಲು ಸೇರಿಸಿದ ಪ್ಲಾಸ್ಟಿಸೈಜರ್, ಬಿಸಿ ನೀರಿಗೆ ಜಿನುಗಿ ಬಂದು ಅತಿ ಕಿರಿದಾದ ಜಾಗದಲ್ಲಿ ಸಿಕ್ಕಿಕೊಂಡದ್ದು. ಹಾಲಿನ ಬಣ್ಣದ ಪೇಸ್ಟಲ್ ಕೂಲಂಟ್ ಬಳಸಿದರೆ ಅದರ ಕಣಗಳೂ ಇದಕ್ಕೆ ಜೊತೆಗೂಡುತ್ತವೆ. ಡಿಸ್ಟಿಲ್ಡ್ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆದು ಹಲ್ಲುಜ್ಜುವ ಬ್ರಷ್‌ನಿಂದ ಗೀರುಗಳ ಉದ್ದಕ್ಕೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರುಗಳ ನಡುವಿನ ತೆಳು ತಾಮ್ರದ ಪಟ್ಟಿ ಬಾಗುತ್ತದೆ. ನಿಕಲ್ ಲೇಪನ ಇದ್ದರೆ ವಿನಿಗರ್ ಸೋಕಿಸಬೇಡಿ. ಪೈಪನ್ನು ಕಪ್ಪು ಇಪಿಡಿಎಂ ರಬ್ಬರಿಗೆ ಬದಲಿಸಿದ ಮೇಲೆ ಲೋಳೆ ಮತ್ತೆ ಕಾಣಲಿಲ್ಲ. ಬಣ್ಣದ ನೀರು ಕಾಣುವ ಅಂದ ಹೋಗುತ್ತದೆ, ನಿಜ. ಆದರೂ ಹೊಸದಾಗಿ ಕಟ್ಟುವವರಿಗೆ ನನ್ನ ಸಲಹೆ ಇಪಿಡಿಎಂ ಮಾತ್ರ.

ಮತ್ತೆ ಕೂರಿಸುವಾಗ ಒಳಹರಿವು, ಹೊರಹರಿವಿನ ಗುರುತು ನೋಡಿ. ಪ್ರೊಸೆಸರ್ ಬ್ಲಾಕ್‌ನಲ್ಲಿ ನೀರು ನಡುವಿನಿಂದಲೇ ಇಳಿಯಬೇಕು, ತಿರುಗುಮುರುಗಾದರೆ ಕೆಲವು ಡಿಗ್ರಿ ಸುಮ್ಮನೆ ಕಳೆದುಕೊಳ್ಳುತ್ತೀರಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಕಾರ್ಡ್‌ನಲ್ಲಿ ಚಿಪ್‌ಗೂ ಹಾಟ್‌ಸ್ಪಾಟ್‌ಗೂ (ಚಿಪ್‌ನಲ್ಲಿ ಅತಿ ಬಿಸಿಯಾದ ಜಾಗ) 25 ಡಿಗ್ರಿಗಿಂತ ಹೆಚ್ಚು ಅಂತರ ಕಂಡರೆ ಚಿಪ್‌ಗೂ ಬ್ಲಾಕ್‌ಗೂ ನಡುವೆ ಹಚ್ಚಿದ ಶಾಖ ದಾಟಿಸುವ ಪೇಸ್ಟ್ ಬದಿಗೆ ಸರಿದಿದೆ ಎಂದರ್ಥ. 3080ರಲ್ಲಿ ಮೆಮೊರಿ ತಾಪಮಾನವನ್ನೂ ನೋಡಿ, ಮೆಮೊರಿಗೂ ಬ್ಲಾಕ್‌ಗೂ ನಡುವಿನ ಥರ್ಮಲ್ ಪ್ಯಾಡ್‌ನ ದಪ್ಪ ತಪ್ಪಿದರೆ ಅದು 110ಕ್ಕೆ ಹೋಗಿ ಕಾರ್ಡ್ ನಿಧಾನವಾಗುತ್ತದೆ.

ಹರಿವಿನ ಬಗ್ಗೆ ಜನ ಅತಿ ಚಿಂತೆ ಮಾಡುತ್ತಾರೆ. ಲೆಕ್ಕ ಸರಳ: 460 ವ್ಯಾಟ್ ಹೊರೆಗೆ ನಿಮಿಷಕ್ಕೆ 4 ಲೀಟರ್ ಹರಿದರೆ ನೀರು ಲೂಪ್‌ನ ಒಂದು ಸುತ್ತಿನಲ್ಲಿ 1.7 ಡಿಗ್ರಿಯಷ್ಟೇ ಏರುತ್ತದೆ, 1 ಲೀಟರ್‌ಗೆ ಇಳಿದರೆ 6.6. ಹಾಗಾಗಿ ಯಾವ ಬ್ಲಾಕ್ ಮೊದಲು, ಯಾವುದು ಆಮೇಲೆ ಎಂಬ ವಾದಕ್ಕೆ ಅರ್ಥವಿಲ್ಲ. ಹರಿವು ಪೂರ್ತಿ ನಿಂತರೆ ಮಾತ್ರ ಅಪಾಯ. ಅದರ ಲಕ್ಷಣ ಹೀಗೆ: ಆನ್ ಮಾಡಿದ ಒಂದೆರಡು ನಿಮಿಷದಲ್ಲೇ ಪ್ರೊಸೆಸರ್ 90, ಆದರೆ ನೀರಿನ ಸೆನ್ಸರ್ ತಣ್ಣಗೆ 30 ತೋರಿಸುತ್ತದೆ. ಪಂಪ್‌ನ ಆರ್‌ಪಿಎಂ ನಂಬಬೇಡಿ. ಗಾಳಿ ಹಿಡಿದ ಪಂಪ್ ಹೊರೆಯಿಲ್ಲದೆ ಚೆನ್ನಾಗಿಯೇ ತಿರುಗುತ್ತದೆ. ರಿಸರ್ವಾಯರ್ (ನೀರಿನ ತೊಟ್ಟಿ) ಮಟ್ಟ ನೋಡಿ, ಕಡಿಮೆಯಿದ್ದರೆ ತುಂಬಿಸಿ, ಕ್ಯಾಬಿನೆಟ್ಟನ್ನು ನಾಲ್ಕೂ ಕಡೆಗೆ ಓರೆ ಮಾಡಿ ಗುಳ್ಳೆ ಹೊರಡಿಸಿ. ಪಂಪ್ ಪ್ಲಗ್ ಸಾಮಾನ್ಯ ಫ್ಯಾನ್ ಹೆಡರ್‌ನಲ್ಲಿದ್ದು ಬಯೋಸ್‌ನಲ್ಲಿ ಸೈಲೆಂಟ್ ಆಯ್ಕೆ ಇದ್ದರೂ ವೇಗ ಬಿದ್ದುಹೋಗುತ್ತದೆ, ಪಂಪ್ ವೇಗವನ್ನು 60ರಿಂದ 70 ಪ್ರತಿಶತಕ್ಕೆ ಕಟ್ಟಿಹಾಕಿ.

ನೀರಿನ ವಿಷಯದಲ್ಲಿ ರಾಜಿ ಬೇಡ. ಬೋರ್‌ವೆಲ್ ನೀರು ಗೀಸರ್ ಕಾಯಿಲ್ ಮೇಲೆ ಏನು ಕೂರಿಸುತ್ತದೋ ಬ್ಲಾಕ್ ಮೇಲೂ ಅದನ್ನೇ ಕೂರಿಸುತ್ತದೆ. ಕಾವೇರಿ ನೀರೂ, ಆರ್‌ಓ ನೀರೂ ಬೇಡ, ಎರಡರಲ್ಲೂ ಲವಣ ಉಳಿದಿರುತ್ತದೆ. ಬರೀ ಡಿಸ್ಟಿಲ್ಡ್ ವಾಟರ್ ಸಾಲದು, ತುಕ್ಕು ಮತ್ತು ಪಾಚಿ ತಡೆಯುವ ಕಾನ್ಸಂಟ್ರೇಟ್ ಬೆರೆಸಿ. ತಾಮ್ರದ ಬ್ಲಾಕ್ ಇರುವ ಲೂಪ್‌ಗೆ ಅಲ್ಯೂಮಿನಿಯಂ ರೇಡಿಯೇಟರ್ ಸೇರಿಸಿದರೆ ಯಾವ ಕಾನ್ಸಂಟ್ರೇಟೂ ಉಳಿಸುವುದಿಲ್ಲ. ಹೊಸ ರೇಡಿಯೇಟರ್‌ನಲ್ಲಿ ಬೆಸುಗೆಯ ಫ್ಲಕ್ಸ್ ಉಳಿದಿರುತ್ತದೆ. ಬಿಸಿ ಡಿಸ್ಟಿಲ್ಡ್ ನೀರು ತುಂಬಿ ಕುಲುಕಿ ಚೆಲ್ಲಿ, ತಿಳಿಯಾಗಿ ಬರುವವರೆಗೆ.

ಫ್ಯಾನ್ ವೇಗವನ್ನು ಪ್ರೊಸೆಸರ್ ತಾಪಮಾನಕ್ಕೆ ಕಟ್ಟಬೇಡಿ, ನೀರಿನದಕ್ಕೆ ಕಟ್ಟಿ. ಇಲ್ಲಿ ಬಳಸುತ್ತಿರುವುದು: 38 ಡಿಗ್ರಿಗೆ 800 ಆರ್‌ಪಿಎಂ, 46ಕ್ಕೆ 1000, 50ಕ್ಕೆ ಪೂರ್ತಿ. 55 ಆದರೆ ಕಂಪ್ಯೂಟರ್ ಆಫ್ ಆಗಬೇಕು, ಯಾಕೆಂದರೆ ಡಿ5 ಪಂಪ್‌ನ ಮಿತಿ 60. ಡಿಸೆಂಬರ್‌ನಲ್ಲಿ ಬರೆದ ಸೆಟ್ಟಿಂಗ್ ಏಪ್ರಿಲ್‌ಗೆ ಹೊಂದುವುದಿಲ್ಲ, ಯುಗಾದಿ ಹೊತ್ತಿಗೆ ಒಮ್ಮೆ ಮರುಪರೀಕ್ಷೆ ಮಾಡಿ.

ವರ್ಷಕ್ಕೊಮ್ಮೆ ಕೂಲಂಟ್ ಬದಲಿಸಿ ಲೂಪ್ ತೊಳೆಯಲು ಒಂದು ಪೂರ್ತಿ ಭಾನುವಾರ ಬೇಕು. ಅಷ್ಟು ಬಿಡುವಿಲ್ಲದವರು ಒಳ್ಳೆಯ ಏರ್ ಕೂಲರ್ ಕೊಳ್ಳುವುದೇ ಸರಿ. ಮಾಡುವವರು ಒಂದು ಪ್ಯಾಕೆಟ್ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ಎರಡು ಹೆಚ್ಚುವರಿ ಫಿಟ್ಟಿಂಗ್ ಮೊದಲೇ ತರಿಸಿಟ್ಟುಕೊಳ್ಳಿ, ಎಸ್.ಪಿ. ರೋಡ್‌ನಲ್ಲಿ ಪೇಸ್ಟ್, ಫ್ಯಾನ್ ಸಿಕ್ಕಷ್ಟು ಸುಲಭವಾಗಿ ಇವು ಸಿಗುವುದಿಲ್ಲ. ಜೋಡಿಸಿದ ಮೇಲೆ ನೀರು ತುಂಬುವ ಮೊದಲು ಲೀಕ್ ಟೆಸ್ಟರ್‌ನಿಂದ 0.5 ಬಾರ್ ಗಾಳಿ ತುಂಬಿ 30 ನಿಮಿಷ ಬಿಡಿ. ಮುಳ್ಳು ಕದಲಿದರೆ ಮೊದಲು ನೋಡಬೇಕಾದದ್ದು, ಕೊನೆಗೆ ಬಿಗಿ ಮಾಡಿದ ಫಿಟ್ಟಿಂಗ್‌ನ ಓ-ರಿಂಗ್.