ಮುಖದ ಡೆಮೊಡೆಕ್ಸ್ ನುಸಿ: ಐವರ್‌ಮೆಕ್ಟಿನ್ ಕ್ರೀಮೋ, ಮೆಟ್ರೊನಿಡಜೋಲ್ ಜೆಲ್ಲೋ?

ಕೆನ್ನೆ ಮುಟ್ಟಿದರೆ ಉಪ್ಪುಕಾಗದದಷ್ಟು ಒರಟು, ರೋಮರಂಧ್ರದ ಬಾಯಲ್ಲಿ ಬಿಳಿ ಹೊಟ್ಟು, ಸಣ್ಣ ತುರಿಕೆ: ಇದು ಪಿಟಿರಿಯಾಸಿಸ್ ಫಾಲಿಕ್ಯುಲೋರಮ್ ಇರಬಹುದು, ಅಂದರೆ ರೋಮರಂಧ್ರದಲ್ಲಿ ವಾಸಿಸುವ, ಕಣ್ಣಿಗೆ ಕಾಣದ ಡೆಮೊಡೆಕ್ಸ್ ನುಸಿ ಮಿತಿಮೀರಿ ಹೆಚ್ಚಿದಾಗ ಬರುವ ಚರ್ಮದ ತೊಂದರೆ. ಪರೀಕ್ಷೆಯಲ್ಲಿ ಚದರ ಸೆಂ.ಮೀ.ಗೆ 5ಕ್ಕಿಂತ ಹೆಚ್ಚು ನುಸಿ ಸಿಕ್ಕರೆ ಅನುಮಾನ ಗಟ್ಟಿ. ಆಗ 1% ಐವರ್‌ಮೆಕ್ಟಿನ್ನೇ ಮೇಲು. ನುಸಿಯನ್ನೂ ಕೊಲ್ಲುತ್ತದೆ, ಉರಿಯೂತವನ್ನೂ ಇಳಿಸುತ್ತದೆ. ದಿನಕ್ಕೊಮ್ಮೆ ಹಣೆ, ಮೂಗು, ಗದ್ದ, ಎರಡೂ ಕೆನ್ನೆಗೆ ತಲಾ ಬಟಾಣಿ ಕಾಳಿನಷ್ಟು. ನುಸಿಯ ಜೀವನಚಕ್ರವೇ ಎರಡು ವಾರಕ್ಕೂ ಮಿಕ್ಕಿದ್ದು, ಹಾಗಾಗಿ ಒಂದು ವಾರ ಹಚ್ಚಿ ಬಿಟ್ಟರೆ ಉಪಯೋಗವಿಲ್ಲ. 8–12 ವಾರ ಬೇಕು. ಮೊದಮೊದಲು ಉರಿ, ಕೆಂಪು ಹೆಚ್ಚಬಹುದು.

0.75% ಮೆಟ್ರೊನಿಡಜೋಲ್ ದಿನಕ್ಕೆರಡು ಸಲ. ರೊಸೇಶಿಯದ (ಮುಖ ಕೆಂಪಾಗಿ ಗುಳ್ಳೆ ಏಳುವ ಚರ್ಮರೋಗ) ಗುಳ್ಳೆಗೆ ಪರವಾಗಿಲ್ಲ, ನುಸಿಯ ಮೇಲೆ ಹಿಡಿತ ಕಡಿಮೆ.

ಮೆಡಿಕಲ್ ಸ್ಟೋರಿನಲ್ಲಿ ಕೇಳಿದ ತಕ್ಷಣ ಸಿಗುವ ಸ್ಟೀರಾಯ್ಡ್ ಬೆರೆತ ಕ್ರೀಮು ಮಾತ್ರ ಬೇಡವೇ ಬೇಡ. ಎರಡು ದಿನ ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ನುಸಿ ಬೆಳೆಯುತ್ತಲೇ ಇರುತ್ತದೆ.