ನಮ್ಮ ಕನ್ನಡ ಮಾತಾಡ್ತಾನೆ ಅಂತ ನಂಬಿ ಹೋದೆ

ಆ್ಯಪ್‌ನಲ್ಲಿ ಸಿಕ್ಕವನನ್ನು ನಂಬಿ ಪುಣೆಯಲ್ಲಿ ಸುಲಿಗೆಗೆ ಸಿಕ್ಕಿಬಿದ್ದದ್ದನ್ನು ಬರೆಯೋಕೆ ನನಗೆ ಐದು ತಿಂಗಳು ಬೇಕಾಯಿತು. ಅಕ್ಕಲಕೋಟೆ, ಸೊಲ್ಲಾಪುರ, ಇಂಡಿ, ಅಫಜಲಪುರ ಕಡೆಯಿಂದ ಪುಣೆಗೆ ಹೋಗಿ ಬರುವ, ನನ್ನ ಹಾಗೆ ಗೇ ಆಗಿರುವ ಹುಡುಗರು ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ ಹೇಳದೆ ಹೋಗುವವರಂತೂ ಓದಲೇಬೇಕು.

ನಾನು ಮಹಾರಾಷ್ಟ್ರದ ಅಕ್ಕಲಕೋಟೆ ತಾಲೂಕಿನವನು. ಮನೆ ಮಾತು ಕನ್ನಡ, ಕಲಿತದ್ದು ಕನ್ನಡ ಶಾಲೆಯಲ್ಲಿ, ಹೊಟ್ಟೆಪಾಡು ಮಾತ್ರ ಮರಾಠಿಯಲ್ಲಿ. ಸೊಲ್ಲಾಪುರದ ಒಂದು ಚಾದರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಲ್ಲಿ ಯಾವ ಹೋಟೆಲಿನಲ್ಲಿ ಕೂತರೂ ಅಣ್ಣನ ಗೆಳೆಯನೋ ಮಾವನ ಪೈಕಿಯವರೋ ಎದುರಾಗುತ್ತಾರೆ. ಹಾಗಾಗಿ ನನ್ನಂಥವರಿಗೆ ಉಸಿರಾಡೋಕೆ ಜಾಗ ಅಂದರೆ ಪುಣೆಯೇ. ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್ ಹತ್ತಿದರೆ ನಾಲ್ಕು ಗಂಟೆ ದಾರಿ. ಬಿಂದುಮಾಧವ ಖಿರೆ ಅವರು ಅಲ್ಲಿ 2002ರಲ್ಲೇ ನಮ್ಮಂಥವರಿಗಾಗಿ ಸಮಪಥಿಕ ಟ್ರಸ್ಟ್ ಅನ್ನೋ ಸಂಸ್ಥೆ ಕಟ್ಟಿದ್ದರು. 2011ರಲ್ಲಿ ಪ್ರೈಡ್ ಮೆರವಣಿಗೆಯೂ ಶುರುವಾಯಿತು. ನಮ್ಮವರು ಹಬ್ಬದ ಹಾಗೆ ಬೀದಿಯಲ್ಲಿ ನಡೆದ ಊರು ಅದು.

ಡೇಟಿಂಗ್ ಆ್ಯಪ್‌ನಲ್ಲಿ ಅವನು ಸಿಕ್ಕಿದ್ದು ಕಳೆದ ಅಕ್ಟೋಬರ್‌ನಲ್ಲಿ. ಮುಖ ಅರ್ಧ ಕಾಣುವ ಎರಡು ಫೋಟೊ. ಪಿಂಪ್ರಿ-ಚಿಂಚವಾಡದಲ್ಲಿ ಕೆಲಸ ಅಂತ ಬರೆದಿದ್ದ. ಟಾಟಾ, ಬಜಾಜ್, ಅವಕ್ಕೆ ಬಿಡಿಭಾಗ ಮಾಡಿಕೊಡುವ ಸಣ್ಣ ಸಣ್ಣ ಕಂಪನಿಗಳು ತುಂಬಿರುವ ಊರು ಅದು. ನಮ್ಮ ಹಳ್ಳಿಯ ಎಷ್ಟೋ ಹುಡುಗರು ಭೋಸರಿ, ಚಾಕಣದಲ್ಲಿ ದುಡಿಯುತ್ತಾರೆ. ಅದಕ್ಕೇ ನನಗೆ ಅನುಮಾನ ಬರಲಿಲ್ಲ. ನಾನು ಮರಾಠಿಯಲ್ಲಿ ಹೆಸರು ಕೇಳಿದೆ. ಅವನು ಕನ್ನಡದಲ್ಲಿ ಬರೆದ: "ನಿಮ್ಮ ಮರಾಠಿ ನೋಡಿದ್ರ ನಮ್ಮ ಕಡೆಯವರs ಅನಸ್ತದ. ಯಾವೂರ್ರಿ?"

ಆ ಒಂದು ಸಾಲಿಗೆ ನಾನು ಕರಗಿಹೋದೆ. ಹುಡುಗನೊಬ್ಬನ ಜೊತೆ ಮನಸ್ಸಿನ ಮಾತನ್ನು ನಾನು ಅಲ್ಲಿಯವರೆಗೂ ಕನ್ನಡದಲ್ಲಿ ಆಡಿದ್ದೇ ಇರಲಿಲ್ಲ. ಎಲ್ಲಾ ಹಿಂದಿಯಲ್ಲಿ, ಇಲ್ಲಾ ಮರಾಠಿಯಲ್ಲಿ. ಅವನು ದಿನಾ ರಾತ್ರಿ "ಊಟಾ ಆತೇನ್ರಿ?" ಅಂತ ಕೇಳುತ್ತಿದ್ದ. ತಾನು ಇಂಡಿ ಕಡೆಯವನು ಅಂದ. "ಈ ಊರಾಗ ಮೋಸ ಮಾಡೋ ಮಂದಿ ಭಾಳ ಅದಾರ, ಯಾರನ್ನೂ ನಂಬಬ್ಯಾಡ್ರಿ" ಅಂತ ನನಗೇ ಬುದ್ಧಿ ಹೇಳಿದ. ಬರುವಾಗ ಸೊಲ್ಲಾಪುರದ ಶೇಂಗಾ ಚಟ್ನಿ ತರ್ತೀರಾ ಅಂತ ಕೇಳಿದ. ಅರ್ಧ ಕಿಲೋ ಕಟ್ಟಿಸಿಕೊಂಡು, ಎಣ್ಣೆ ಸೋರಬಾರದು ಅಂತ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ದೆ.

ವಿಡಿಯೊ ಕಾಲ್ ಮಾಡು ಅಂತ ಎರಡು ಸಲ ಕೇಳಿದ್ದೆ. ಒಮ್ಮೆ ನೆಟ್‌ವರ್ಕ್ ಇಲ್ಲ ಅಂದ, ಇನ್ನೊಮ್ಮೆ ರೂಮಿನಲ್ಲಿ ಮಂದಿ ಇದ್ದಾರೆ ಅಂದ. ಅಲ್ಲೇ ನಿಲ್ಲಿಸಬೇಕಿತ್ತು.

ನವೆಂಬರ್‌ನ ಒಂದು ಶನಿವಾರ. ಕೋರೆಗಾಂವ್ ಪಾರ್ಕ್ ಕಡೆ ಒಂದು ಬಾರ್‌ನಲ್ಲಿ ನಮ್ಮವರಿಗಾಗಿಯೇ ಪಾರ್ಟಿ ಇತ್ತು. ಒಂಬತ್ತಕ್ಕೆ ಅಲ್ಲೇ ಸಿಗೋದು ಅಂತ ಮಾತಾಗಿತ್ತು. ಆ ಬಾರ್ ಬಗ್ಗೆ ನನ್ನದೇನೂ ದೂರಿಲ್ಲ, ಅದನ್ನು ಸ್ಪಷ್ಟವಾಗಿ ಹೇಳ್ತೀನಿ. ಬಾಗಿಲಲ್ಲಿ ಗುರುತಿನ ಚೀಟಿ ನೋಡಿ ಒಳಗೆ ಬಿಟ್ಟರು. ಇಬ್ಬರು ಗಂಡಸರು ಕೈ ಹಿಡಿದು ನಿಂತಿದ್ದರು, ಒಬ್ಬರೂ ತಿರುಗಿ ನೋಡಲಿಲ್ಲ. ಒಬ್ಬನೇ ನಿಂತಿದ್ದ ನನ್ನನ್ನು ಕರೆದು ಮಾತಾಡಿಸಿದವರೂ ಇದ್ದರು. ಅವರ ಜೊತೆಗೇ ಇದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಹತ್ತೂವರೆಗೆ ಅವನ ಮೆಸೇಜ್ ಬಂತು. "ಒಳಗ ಬರಾಕ ಅಂಜಿಕಿ ಆಗ್ತದ್ರಿ. ಕಂಪನಿಯವರು ಯಾರರೆ ನೋಡಿದ್ರ? ನೀವs ರೂಮಿಗೆ ಬರ್ರಿ." ಆ ಅಂಜಿಕೆ ನನಗೂ ಗೊತ್ತಿದ್ದದ್ದೇ ಅಲ್ವಾ? ಪಾಪ ಅನಿಸಿತು. ಲೊಕೇಶನ್ ಭೋಸರಿ ಎಂಐಡಿಸಿ (ಕಾರ್ಖಾನೆಗಳ ಪ್ರದೇಶ) ಹತ್ತಿರ ತೋರಿಸುತ್ತಿತ್ತು. ರಿಕ್ಷಾ ಹತ್ತಿದೆ. ಎಲ್ಲಿಗೆ ಹೋಗ್ತಿದ್ದೀನಿ ಅಂತ ಒಬ್ಬರಿಗೂ ಹೇಳಲಿಲ್ಲ, ಹೇಳುವಂಥವರು ಯಾರೂ ಇರಲಿಲ್ಲ.

ರೂಮಿಗೆ ಹೋಗಿ ಐದು ನಿಮಿಷ ಆಗಿರಲಿಲ್ಲ, ಮೂವರು ಒಳಗೆ ಬಂದರು. ಒಬ್ಬ ಖಾಕಿ ಪ್ಯಾಂಟ್ ಹಾಕಿದ್ದ, ಕೈಯಲ್ಲಿ ಕೋಲು. ಪೊಲೀಸ್ ಅಂದ. 377 ಕೇಸ್ ಹಾಕ್ತೀವಿ, ಹತ್ತು ವರ್ಷ ಒಳಗೆ ಅಂದ. ಗಂಡಸರು ಗಂಡಸರ ಜೊತೆ ಸೇರೋದನ್ನು ಅಪರಾಧ ಅನ್ನುತ್ತಿದ್ದ ಹಳೇ ಸೆಕ್ಷನ್ ಅದು. ಬಟ್ಟೆ ಬಿಚ್ಚಿಸಿ, ಹೆಸರು, ಊರು, ಅಪ್ಪನ ಹೆಸರು ನನ್ನ ಬಾಯಿಂದಲೇ ಹೇಳಿಸಿ ವಿಡಿಯೊ ಮಾಡಿದರು. ಇನ್ನೊಬ್ಬ ನನ್ನ ಬೆರಳನ್ನು ಹಿಡಿದು ಫೋನಿಗೆ ಒತ್ತಿದ, ಫೋನ್ ತೆರೆಯಿತು. ಎರಡು ಏಟು ಬಿದ್ದ ಮೇಲೆ ಯುಪಿಐ ಪಿನ್ ಕೂಡ ಹೇಳಿದೆ. ಮೊದಲು 40,000, ಆಮೇಲೆ 18,500. ಖಾತೆ ಬರಿದಾಯಿತು. ಕೊನೆಗೆ ಕಾಂಟ್ಯಾಕ್ಟ್ ತೆಗೆದು "ಅವ್ವ" ಅಂತಿದ್ದ ನಂಬರನ್ನು ನನ್ನ ಮುಖದ ಮುಂದೆ ಹಿಡಿದರು. ಆ ಎರಡು ಅಕ್ಷರ ನೋಡಿದ ಮೇಲೆ ನಾನು ಏನು ಕೇಳಿದರೂ ಹೂಂ ಅಂದೆ.

ಅಷ್ಟು ಹೊತ್ತೂ ಅವನು ಗೋಡೆಗೆ ಒರಗಿ ಕೂತಿದ್ದ. ನನ್ನ ಚೀಲದಿಂದ ಚಟ್ನಿಯ ಪೊಟ್ಟಣ ತೆಗೆದು, ಗಂಟು ಬಿಚ್ಚಿ, ಬೆರಳಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದ. ನನ್ನ ಕಡೆ ನೋಡಲಿಲ್ಲ. ಒಂದೇ ಒಂದು ಮಾತು ಕನ್ನಡದಲ್ಲಿ ಆಡಿದ: "ಸುಮ್ನ ಕೊಡ್ರಿ, ಮನಿಗೆ ಹೋಗ್ರಿ."

ರಾತ್ರಿ ಒಂದಕ್ಕೆ ಬಿಟ್ಟರು. ಫೋನ್ ವಾಪಸ್ ಕೊಟ್ಟರು, ಮುಂದೆಯೂ ಸುಲಿಯಬೇಕಲ್ಲ. ಅವನು ಆಗಲೇ ಆ್ಯಪ್‌ನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದ, ಮೂರು ವಾರದ ಮಾತುಕತೆ ಪೂರ್ತಿ ಮಾಯವಾಗಿತ್ತು. ಒಂದು ಸ್ಕ್ರೀನ್‌ಶಾಟ್ ಕೂಡ ನನ್ನ ಹತ್ತಿರ ಇರಲಿಲ್ಲ. ನೀವು ಮೊದಲೇ ತೆಗೆದಿಡಿ, ಪ್ರೊಫೈಲ್, ಫೋನ್ ನಂಬರ್, ಲೊಕೇಶನ್ ಎಲ್ಲಾ.

ಆಮೇಲಿನ ಮೂರು ತಿಂಗಳು ಆ ರಾತ್ರಿಗಿಂತ ಕೆಟ್ಟದಾಗಿದ್ದವು. ಫೋನ್ ಬಂದಾಗೆಲ್ಲ ಹೊಟ್ಟೆಯಲ್ಲಿ ಕಲಸಿದ ಹಾಗೆ. ವಿಡಿಯೊ ಅಣ್ಣನಿಗೆ ಕಳಿಸ್ತೀವಿ ಅಂದರು. ಐದೈದು ಸಾವಿರ ಎರಡು ಸಲ ಕಳಿಸಿದೆ. ಕೊಟ್ಟರೆ ನಿಲ್ಲಿಸ್ತಾರೆ ಅಂದುಕೊಂಡಿದ್ದೆ, ಕೊಟ್ಟ ಕೂಡಲೇ ಇನ್ನೂ ಜಾಸ್ತಿ ಕೇಳಿದರು. ಅವರು ಬಂಡವಾಳ ಮಾಡಿಕೊಂಡದ್ದು ನಾನು ಗೇ ಅನ್ನೋದನ್ನಲ್ಲ. ನಾನು ಯಾರಿಗೂ ಹೇಳಿಲ್ಲ ಅನ್ನೋದನ್ನು.

ಕೊನೆಗೆ ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಅಕ್ಕನಿಗೆ ಹೇಳಿದೆ. ಬಿಲ್ ಪುಸ್ತಕ ಮುಚ್ಚಿಟ್ಟು ಪೂರ್ತಿ ಕೇಳಿದರು. ನಾನು ಗೇ ಅನ್ನೋದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ನಡಿ, ನಾ ಬರ್ತೀನಿ ಸ್ಟೇಷನ್ನಿಗೆ" ಅಂದರು, ಅಷ್ಟೇ.

ಅವತ್ತು ತಿಳಿದುಕೊಂಡದ್ದನ್ನು ನೀವೂ ತಿಳಿದಿರಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಒಂದೇ ಲಿಂಗದ ವಯಸ್ಕರು ಒಪ್ಪಿ ಸೇರುವುದು ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಿದೆ. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ರ ಥರದ ಸೆಕ್ಷನ್ನೇ ಇಲ್ಲ. ಅವರು ನನ್ನನ್ನು ಹೆದರಿಸಿದ್ದು ಇಲ್ಲದ ಕಾನೂನಿನಿಂದ. ಅವರು ಮಾಡಿದ್ದಕ್ಕೆ ಮಾತ್ರ ಕಾನೂನು ಇದೆ. ಹೆದರಿಸಿ ಹಣ ಕೀಳುವುದಕ್ಕೆ ಅದೇ ಸಂಹಿತೆಯ ಸೆಕ್ಷನ್ 308, ಏಳು ವರ್ಷದವರೆಗೆ ಜೈಲು. ಒಪ್ಪಿಗೆ ಇಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದಕ್ಕೆ, ಹಂಚುವುದಕ್ಕೆ ಐಟಿ ಕಾಯ್ದೆಯ 66ಇ. ಘಟನೆ ಪುಣೆಯಲ್ಲಾದರೂ ದೂರನ್ನು ಸೊಲ್ಲಾಪುರದಲ್ಲೇ ಕೊಡಬಹುದು, ಅದಕ್ಕೆ ಝೀರೋ ಎಫ್‌ಐಆರ್ ಅನ್ನುತ್ತಾರೆ. ಮೊದಲು ಕೂತಿದ್ದ ಪೊಲೀಸರು ನನ್ನನ್ನು ಮೇಲಿಂದ ಕೆಳಗೆ ನೋಡಿ ಪುಣೆಗೇ ಹೋಗು ಅಂದರು. ಅಕ್ಕ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಒಂದು ತಾಸಿನ ನಂತರ ಬೇರೆಯವರು ಬಂದು ಬರೆದುಕೊಂಡರು.

ಹಣದ ವಿಷಯದಲ್ಲಿ ನಾನು ತಡ ಮಾಡಿದ್ದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿದರೆ, ಹಣ ಇನ್ನೂ ಖಾತೆಯಲ್ಲಿದ್ದರೆ ಬ್ಯಾಂಕ್ ಅದನ್ನು ತಡೆಹಿಡಿಯಬಹುದು. ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿಸಿ ತೆಗೆದುಬಿಟ್ಟರೆ ಕಷ್ಟ. ನನ್ನದರಲ್ಲಿ ಕೊನೆಯ ಐದು ಸಾವಿರ ಮಾತ್ರ ಸಿಕ್ಕಿಬಿತ್ತು. ದೂರು ಕೊಟ್ಟ ಮೇಲೆ ಆ ನಂಬರ್‌ಗಳಿಂದ ಫೋನ್ ಬಂದಿಲ್ಲ. ವಿಡಿಯೊ ಅವ್ವನಿಗೂ ಹೋಗಲಿಲ್ಲ, ಅಣ್ಣನಿಗೂ ಹೋಗಲಿಲ್ಲ.

ಹೋಗಬೇಡಿ ಅಂತ ನಾನು ಹೇಳಲ್ಲ. ಜನವರಿಯಲ್ಲಿ ಸೊಲ್ಲಾಪುರದ ಗಡ್ಡಾ ಜಾತ್ರೆಗೆ ಹೋಗುವಷ್ಟೇ ಹಕ್ಕಿನಿಂದ ಪುಣೆಗೂ ಹೋಗಿ. ಆದರೆ ವಿಡಿಯೊ ಕಾಲ್‌ನಲ್ಲಿ ಮುಖ ನೋಡದೆ ಹೊರಡಬೇಡಿ. ಮಂದಿ ಇರುವ ಜಾಗದಲ್ಲೇ ಭೇಟಿಯಾಗಿ. ಕೊನೇ ಗಳಿಗೆಯಲ್ಲಿ ಜಾಗ ಬದಲಾಯಿಸಿದರೆ ವಾಪಸ್ ಬಂದುಬಿಡಿ, ಅವನು ಎಷ್ಟೇ ಪಾಪದವನ ಹಾಗೆ ಮಾತಾಡಲಿ. ರಾತ್ರಿ ಖರ್ಚಿಗೆ ಎರಡು ಸಾವಿರ ಇರುವ ಬೇರೆ ಖಾತೆ ಇಟ್ಟುಕೊಳ್ಳಿ. ದೊಡ್ಡ ಖಾತೆ ಇರುವ ಆ್ಯಪ್ ಫೋನಿನಲ್ಲೇ ಬೇಡ. ಎಲ್ಲಿದ್ದೀನಿ ಅಂತ ಒಬ್ಬರಿಗಾದರೂ ಲೊಕೇಶನ್ ಕಳಿಸಿ. ಅಂಥ ಒಬ್ಬರೂ ಇಲ್ಲ ಅಂದರೆ, ಮೊದಲು ಅವರನ್ನು ಹುಡುಕಿಕೊಳ್ಳಿ, ಪುಣೆ ಆಮೇಲೆ.

ಹೋದ ವಾರ ಗೆಳೆಯನೊಬ್ಬ ಅವನ ಫೋನಿನಲ್ಲಿ ಒಂದು ಪ್ರೊಫೈಲ್ ತೋರಿಸಿದ. ಅದೇ ಅರ್ಧ ಮುಖ, ಬೇರೆ ಹೆಸರು, ಈ ಸಲ ಚಾಕಣ. ಕೆಳಗೆ ಬರೆದಿದ್ದ: "ಕನ್ನಡದವರು ಇದ್ರ ಮಾತಾಡ್ರಿ, ಭಾಳ ಒಬ್ಬಂಟಿ ಅನಸ್ತದ." ಸ್ಕ್ರೀನ್‌ಶಾಟ್ ತೆಗೆಸಿ ಸ್ಟೇಷನ್ನಿಗೆ ಕೊಟ್ಟು ಬಂದಿದ್ದೇನೆ. ಆ ಸಾಲು ನಿಮಗೆ ಕಂಡರೆ ಉತ್ತರ ಬರೆಯಬೇಡಿ.